ಎಳೆಯ ಬೆರಳು, ಮೊದಲ ಓದು

ವಿಜಯದಶಮಿಯ ದಿನ ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಾಗಲಿ, ಊರ ದೇವಸ್ಥಾನದ ಜಗಲಿಯಲ್ಲಾಗಲಿ, ಮನೆಯ ನಡುಮನೆಯಲ್ಲಾಗಲಿ ನಡೆಯುವ ಅಕ್ಷರಾಭ್ಯಾಸದ ಕ್ರಮವನ್ನು ನಮ್ಮಲ್ಲಿ ಅರಿಯದವರು ವಿರಳ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ, ತೊಡೆಯಲ್ಲಿ ಕುಳಿತ ಮಗುವಿನ ತೋರುಬೆರಳನ್ನು ಹಿರಿಯರು ಹಿಡಿದು ಅಕ್ಷರವನ್ನು ಬರೆಯಿಸುತ್ತಾರೆ. ಬರೆಯಿಸುತ್ತಿರುವಾಗಲೇ ಅದನ್ನು ಮಗುವಿನ ಬಾಯಲ್ಲಿ ನುಡಿಸುತ್ತಾರೆ. ಈ ವಿಧಿಯ ಧಾರ್ಮಿಕಾರ್ಥ ಏನೇ ಇರಲಿ, ಶಿಕ್ಷಣದ ದೃಷ್ಟಿಯಿಂದ ಅದರಲ್ಲೊಂದು ಗಂಭೀರವಾದ ಅರಿವು ಅಡಗಿದೆ. ಕಣ್ಣಿನ ನೋಟ, ಬೆರಳಿನ ಚಲನೆ, ಕಿವಿಯ ಶ್ರವಣ, ನಾಲಗೆಯ ಉಚ್ಚಾರ, ಈ ನಾಲ್ಕೂ ಅಲ್ಲಿ ಒಂದೇ ಕ್ಷಣದಲ್ಲಿ ಒಂದೇ ಅಕ್ಷರದ ಮೇಲೆ ಕೂಡುತ್ತವೆ. ಆದರೆ ಮಗು ಶಾಲೆಗೆ ಹೋಗತೊಡಗಿದ ಮೇಲೆ ಅವು ಬೇರೆಬೇರೆಯಾಗುವುದೇ ಹೆಚ್ಚು: ಬರೆಯುವ ಹೊತ್ತಿನಲ್ಲಿ ಬಾಯಿ ಮುಚ್ಚಿರಬೇಕು, ಹೇಳುವ ಹೊತ್ತಿನಲ್ಲಿ ಕೈ ಕಟ್ಟಿರಬೇಕು, ಪುಸ್ತಕ ತೆರೆದಾಗ ಕಣ್ಣೊಂದೇ ಕೆಲಸ ಮಾಡಬೇಕು.

ಕಣ್ಣು ಕಂಡುದನ್ನು ಕೈ ಅನುಸರಿಸುವ, ಕೈ ಮಾಡಿದುದನ್ನು ಕಣ್ಣು ಪರೀಕ್ಷಿಸಿ ತಿದ್ದುವ ಈ ಅನ್ಯೋನ್ಯ ವ್ಯಾಪಾರಕ್ಕೆ ಶಿಶುವಿನ ಓದಿನಲ್ಲಿ ಎಷ್ಟು ಸ್ಥಾನವುಂಟು ಎಂಬುದು ಹಳೆಯ ಪ್ರಶ್ನೆ. ಕೈಯನ್ನು ಪಳಗಿಸಿದರೆ ಓದು ತಾನಾಗಿ ಒದಗುವುದೆಂದು ನಂಬಿದವರಿದ್ದರು. ಓದು ಕೇವಲ ಭಾಷೆಯ ವ್ಯಾಪಾರ, ಕೈಗೂ ಅದಕ್ಕೂ ನಂಟಿಲ್ಲವೆಂದು ವಾದಿಸಿದವರೂ ಉಂಟು. ಈ ಎರಡು ಪಕ್ಷಗಳ ನಡುವೆ ಇನ್ನೂರು ವರ್ಷಗಳಿಗೂ ಮೀರಿದ ಪ್ರಯೋಗಗಳ ಮತ್ತು ಅನುಭವಗಳ ರಾಶಿ ಬಿದ್ದಿದೆ. ಅದನ್ನು ತೂಗಿ ನೋಡಿದಾಗ ನನಗೆ ತೋರುವುದಿಷ್ಟು: ಕೈಯ ಅಭ್ಯಾಸವು ಅಕ್ಷರವನ್ನೂ ಅದರ ಧ್ವನಿಯನ್ನೂ ಕೂಡಿಕೊಂಡಾಗ ಮಾತ್ರ ಓದಿಗೆ ಸಹಕಾರಿಯಾಗುತ್ತದೆ, ಅವುಗಳಿಂದ ಅಗಲಿದಾಗ ಬರಿಯ ಕಸರತ್ತಾಗಿ ಉಳಿಯುತ್ತದೆ, ಮತ್ತು ಕನ್ನಡ ಲಿಪಿಯ ವಿಷಯದಲ್ಲಿ ಈ ಮಾತು ಇಮ್ಮಡಿ ನಿಜ.

ಮೊದಲು ಚರಿತ್ರೆಯತ್ತ ನೋಡೋಣ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ವಾಗ್ಮಿತಾಚಾರ್ಯ ಕ್ವಿಂಟಿಲಿಯನ್, ಮಕ್ಕಳಿಗೆ ಆಟದ ಸಾಮಾನಾಗಿ ದಂತದ ಅಕ್ಷರಗಳನ್ನು ಕೊಡಬೇಕೆಂದೂ, ಹಲಗೆಯಲ್ಲಿ ಅಕ್ಷರಗಳನ್ನು ಕೊರೆಯಿಸಿ ಆ ಗೀರಿನೊಳಗೆ ಲೇಖನಿ ಹೊರಜಾರದಂತೆ ಸಾಗುವ ಅಭ್ಯಾಸ ಮಾಡಿಸಬೇಕೆಂದೂ ಹೇಳಿದ್ದಾನೆ. ನಮ್ಮ ಹಿಂದಿನ ಊರಶಾಲೆಗಳಾದ ಕೂಲಿಮಠಗಳಲ್ಲಿ ಆ ಹಲಗೆಯ ಸ್ಥಾನದಲ್ಲಿ ಮರಳಿತ್ತು. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಅಯ್ಯನವರು ಬರೆದುಕೊಟ್ಟ ಅಕ್ಷರದ ಮೇಲೆ ಬೆರಳಾಡಿಸುತ್ತ, ಬಾಯಿಬಿಟ್ಟು ಹೇಳುತ್ತ, ದಿನಗಟ್ಟಲೆ ತಿದ್ದಿದ ಮೇಲೆಯೇ ಹುಡುಗನ ಕೈಗೆ ಬಳಪವೂ, ಹುಣಿಸೆಬೀಜದ ಅಂಟಿನೊಡನೆ ಇದ್ದಿಲ ಮಸಿ ಬಳಿದ ಬಟ್ಟೆಯ ಕಡತವೂ ಬರುತ್ತಿದ್ದುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥದೇ ಒಂದು ದೇಶೀಯ ಶಾಲೆಯ ಪಕ್ಕದಲ್ಲಿ ಹಾದುಹೋಗುವಾಗ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುವುದನ್ನು ಕಂಡು, ಆ ಪದ್ಧತಿಯನ್ನು ತನ್ನ ಶಾಲೆಗೆ ತಂದನು. ತನ್ನ ಉಪಾಧ್ಯಾಯರು ಅದಕ್ಕೆ ಒಗ್ಗದಿರಲು ಎಂಟು ವರ್ಷದ ಬಾಲಕನೊಬ್ಬನನ್ನೇ ಅಕ್ಷರದ ತರಗತಿಗೆ ಗುರುವನ್ನಾಗಿ ನಿಲ್ಲಿಸಿದನು. 1797ರಲ್ಲಿ ಅವನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ ವರದಿಯ ಮೂಲಕವೂ, ಲಂಡನ್ನಿನ ಬಡಮಕ್ಕಳ ಶಾಲೆಯಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಇಟ್ಟ ಮರಳಿನ ಮೇಜುಗಳ ಮೂಲಕವೂ ಈ ಉಪಾಯ ಆ ದೇಶದ ಬಡವರ ಶಾಲೆಗಳಲ್ಲಿ ಹರಡಿತು. ದಕ್ಷಿಣಭಾರತದ ಜಗಲಿಶಾಲೆಯೊಂದರ ಮರಳು ಇಂಗ್ಲೆಂಡಿನ ಮಕ್ಕಳ ವಿದ್ಯಾರಂಭಕ್ಕೆ ಒದಗಿತೆಂಬುದು ನಾವು ಮರೆಯಬಾರದ ಸಂಗತಿ.

ಆದರೂ ಕೂಲಿಮಠದ ಕ್ರಮವನ್ನು ಪೂರ್ಣವಾಗಿ ಹೊಗಳಲಾಗದು. ಬೆರಳಿಗೂ ನಾಲಗೆಗೂ ಅಲ್ಲಿ ನಂಟಿತ್ತು, ಅರ್ಥಕ್ಕೆ ನಂಟು ಕಡಿಮೆಯಿತ್ತು. ತಿಂಗಳುಗಟ್ಟಲೆ ವರ್ಣಮಾಲೆ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ ಎಂದು ತಿದ್ದುತ್ತ ಹೋಗುವ ಮಗುವಿಗೆ ತಾನು ಬರೆಯುತ್ತಿರುವುದರಿಂದ ಮನೆಯಲ್ಲಿ ಆಡುವ ಒಂದು ಮಾತಾದರೂ ಹುಟ್ಟಬಲ್ಲುದೆಂಬ ಅರಿವು ಬಹುಕಾಲ ಬರುತ್ತಿರಲಿಲ್ಲ.

ಆ ಅರಿವನ್ನು ಕೈಯ ಶಿಕ್ಷಣದ ಒಳಗೇ ತಂದವರು ಮರಿಯಾ ಮಾಂಟೆಸ್ಸೊರಿ. 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡಕೇರಿಯಲ್ಲಿ ಅವರು ತೆರೆದ ಶಿಶುಗೃಹದಲ್ಲಿ ಪುಸ್ತಕಕ್ಕೂ ಲೇಖನಿಗೂ ಮುಂಚೆ ಬಂದದ್ದು ಗುಬಟಿನ ಹಿಡಿಯುಳ್ಳ ಮರದ ಸಿಲಿಂಡರುಗಳು, ಅಂಚನ್ನು ಬಳಸಿ ಗೆರೆಯೆಳೆಯುವ ಲೋಹದ ಆಕೃತಿಗಳು, ಉಪ್ಪುಕಾಗದದಲ್ಲಿ ಕತ್ತರಿಸಿ ನುಣುಪಾದ ಹಲಗೆಗೆ ಅಂಟಿಸಿದ ಅಕ್ಷರಗಳು. ಗುಬಟನ್ನು ಹಿಡಿಯಲು ಬೇಕಾದ ಮೂರು ಬೆರಳುಗಳೇ ನಾಳೆ ಪೆನ್ಸಿಲನ್ನು ಹಿಡಿಯತಕ್ಕವು. ಆಕೃತಿಯನ್ನು ಬಳಸಿದ ಗೆರೆಯೇ ನಾಳೆ ಅಕ್ಷರದ ತಿರುವಾಗತಕ್ಕದ್ದು. ಒರಟು ಅಕ್ಷರದ ಮೇಲೆ ಮಗು ಎರಡು ಬೆರಳುಗಳನ್ನು ಬರೆಯುವ ಕ್ರಮದಲ್ಲಿಯೇ ಎಳೆಯಬೇಕು. ಎಳೆಯುವಾಗ ಗುರು ಆ ಅಕ್ಷರದ ಹೆಸರನ್ನಲ್ಲ, ಧ್ವನಿಯನ್ನು ನುಡಿಯಬೇಕು. ಬೆರಳು ದಾರಿ ತಪ್ಪಿದರೆ ನುಣುಪಾದ ಹಲಗೆಯೇ ಆ ತಪ್ಪನ್ನು ತಿಳಿಸುತ್ತದೆ, ಗುರು ಗದರಬೇಕಾದುದಿಲ್ಲ. ಹೀಗೆ ಹಲವು ವಾರಗಳು ಕಳೆದ ಮೇಲೆ, ಡಿಸೆಂಬರಿನ ಬಿಸಿಲಿನ ಒಂದು ದಿನ ತಾರಸಿಯ ಮೇಲೆ ಕುಳಿತಿದ್ದಾಗ ಅವರು ಸುಮಾರು ಐದು ವರ್ಷದ ಹುಡುಗನೊಬ್ಬನಿಗೆ ಸುಣ್ಣದ ಕಡ್ಡಿ ಕೊಟ್ಟು ಎದುರಿನ ಹೊಗೆಗೂಡಿನ ಚಿತ್ರ ಬರೆಯೆಂದರು. ಹುಡುಗನು ಚಿತ್ರ ಬರೆದನು. ಬರೆದು ಮುಗಿಸಿ, ತನಗೆ ಅಕ್ಷರ ಬರೆಯಲು ಬರುತ್ತದೆಂದು ಕೂಗಿ ನೆಲದ ಮೇಲೆ ಒಂದು ಪದವನ್ನು ಬರೆದನು. ಆ ಪದದ ಅರ್ಥ ‘ಕೈ’. ಆಮೇಲೆ ‘ಹೊಗೆಗೂಡು’ ಬರೆದನು, ‘ಛಾವಣಿ’ ಎಂದು ಬರೆದನು. ಅದುವರೆಗೆ ಯಾರೂ ಅವನಿಂದ ಪದ ಬರೆಯಿಸಿರಲಿಲ್ಲ.

ಬರೆಹ ಮೊದಲು, ಓದು ಆಮೇಲೆ ಎಂಬ ಅವರ ಸಿದ್ಧಾಂತ ಹುಟ್ಟಿದ್ದು ಇಂಥ ಅನುಭವಗಳಿಂದ. ತನ್ನ ಬಾಯಿಯ ಮಾತನ್ನು ಬಿಡಿಸಿ ಧ್ವನಿಗಳಾಗಿ ಮಾಡಿ, ಒಂದೊಂದು ಧ್ವನಿಗೆ ಕೈಯಿಂದ ಒಂದೊಂದು ರೂಪ ಕೊಡುವುದು ಮಗುವಿಗೆ ಸುಲಭ, ಏಕೆಂದರೆ ಹೇಳಬೇಕಾದ ಮಾತು ಅದಕ್ಕೆ ಮೊದಲೇ ಗೊತ್ತು. ಬೇರೊಬ್ಬರು ಬರೆದುದನ್ನು ಓದುವಾಗ ಮಾತು ಏನೆಂಬುದನ್ನೇ ಅದು ಕಂಡುಹಿಡಿಯಬೇಕು. ಇಟಲಿಯ ನುಡಿಯಲ್ಲಿ ಬರೆದಂತೆ ಓದುವುದು, ಓದಿದಂತೆ ಬರೆಯುವುದು ಬಹುಮಟ್ಟಿಗೆ ಸಾಧ್ಯವಿರುವುದರಿಂದ ಈ ಕ್ರಮ ಅಲ್ಲಿ ಫಲಿಸಿತೆಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ, ಆದರೆ ಕನ್ನಡವೂ ಅಂಥದೇ ಭಾಷೆಯಷ್ಟೆ. ಮಾಂಟೆಸ್ಸೊರಿಯವರು 1939ರಲ್ಲಿ ಅಡ್ಯಾರಿಗೆ ಬಂದು, ಯುದ್ಧದ ದೆಸೆಯಿಂದ ಅಲ್ಲಿಯೂ ಕೊಡೈಕನಾಲಿನಲ್ಲಿಯೂ ವರ್ಷಗಟ್ಟಲೆ ನೆಲಸಿ ಶಿಕ್ಷಕರಿಗೆ ತರಬೇತು ಕೊಟ್ಟರು. ಅದಕ್ಕೂ ಮೊದಲೇ, 1920ರಲ್ಲಿ, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ತಮ್ಮ ಬಾಲಮಂದಿರವನ್ನು ತೆರೆದಿದ್ದರು. ಬಡಮಕ್ಕಳಿಗಾಗಿ ಹುಟ್ಟಿದ ಈ ಪದ್ಧತಿ ನಮ್ಮಲ್ಲಿ ಬಹುಪಾಲು ದುಡ್ಡುಳ್ಳವರ ಶಾಲೆಗಳ ಸೊತ್ತಾಗಿ ಉಳಿದದ್ದು ದುಃಖದ ಸಂಗತಿ.

ಗಾಂಧೀಜಿಯವರು ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ನೋಡಿದರು. ತಮ್ಮ ಕೈಬರೆಹ ಕೆಟ್ಟದ್ದೆಂಬ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆತ್ಮಕಥೆಯಲ್ಲಿ ಅದನ್ನು ಹೇಳಿಕೊಂಡು, ಮಕ್ಕಳು ಹೂವನ್ನೂ ಹಕ್ಕಿಯನ್ನೂ ನೋಡಿ ಗುರುತಿಸುವಂತೆ ಮೊದಲು ಅಕ್ಷರವನ್ನು ನೋಡಿ ಗುರುತಿಸಲಿ, ವಸ್ತುಗಳ ಚಿತ್ರ ಬರೆಯಲು ಕಲಿತ ಮೇಲೆಯೇ ಅಕ್ಷರ ಬರೆಯಲಿ ಎಂದು ಅವರು ಸಲಹೆ ಕೊಟ್ಟಿದ್ದಾರೆ. ಇಲ್ಲಿ ಓದು ಮೊದಲು, ಬರೆಹ ಕೊನೆಗೆ. ಮೇಲುನೋಟಕ್ಕೆ ಇದು ಮಾಂಟೆಸ್ಸೊರಿಯವರ ಕ್ರಮಕ್ಕೆ ತದ್ವಿರುದ್ಧ. ಆದರೆ ಸಿದ್ಧವಾಗದ ಕೈಗೆ ಲೇಖನಿ ತುರುಕಬಾರದು, ಚಿತ್ರಕಲೆ ಕೈಗೂ ಕಣ್ಣಿಗೂ ಮೊದಲ ಗುರುವಾಗಬೇಕು ಎಂಬಲ್ಲಿ ಇಬ್ಬರೂ ಒಂದೇ ಮಾತಿನವರು.

ಇಪ್ಪತ್ತನೆಯ ಶತಮಾನದ ನಡುವೆ ಅಮೆರಿಕದಲ್ಲಿ ಈ ವಿಚಾರ ಅತಿಗೆ ಹೋಯಿತು. 1960ರಲ್ಲಿ ಹೊರಬಂದ ನ್ಯೂವೆಲ್ ಕೆಫಾರ್ಟರ ಪುಸ್ತಕವೂ, ಅದೇ ದಶಕದಲ್ಲಿ ಮರಿಯಾನ್ ಫ್ರಾಸ್ಟಿಗ್ ರಚಿಸಿದ ದೃಷ್ಟಿಗ್ರಹಣದ ಪರೀಕ್ಷೆಗಳೂ ಪಾಠಗಳೂ ಸಾವಿರಾರು ಶಾಲೆಗಳನ್ನು ಹೊಕ್ಕುವು. ಓದಲು ಬಾರದ ಮಗು ಕಿರಿದಾದ ಹಲಗೆಯ ಮೇಲೆ ಸಮತೋಲದಿಂದ ನಡೆಯಬೇಕು, ಎರಡು ಗೆರೆಗಳ ನಡುವೆ ಪೆನ್ಸಿಲು ಓಡಿಸಬೇಕು, ತೂಗಾಡುವ ಚೆಂಡನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಕಣ್ಣುಕೈಗಳ ಹೊಂದಿಕೆ ಸರಿಹೋದರೆ ಓದೂ ಸರಿಹೋದೀತು ಎಂಬುದು ಆ ಕಾಲದ ನಂಬಿಕೆ. ಕವಾಲೆ ಮತ್ತು ಮ್ಯಾಟ್ಸನ್ ಎಂಬಿಬ್ಬರು 1983ರಲ್ಲಿ ಇಂಥ 180 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಆ ಕಸರತ್ತುಗಳಿಂದ ಓದಿಗೆ ಗಣನೀಯ ಪ್ರಯೋಜನ ಒಂದೂ ಆಗಿಲ್ಲವೆಂಬುದು ಹೊರಬಿತ್ತು. ಸಮತೋಲದ ಹಲಗೆಯ ಮೇಲೆ ನಡೆದ ಮಗು ಸಮತೋಲದಿಂದ ನಡೆಯಲು ಕಲಿಯಿತು, ಅಷ್ಟೆ. ಇಂದೂ ಇಂಥ ‘ಮೆದುಳಿನ ವ್ಯಾಯಾಮ’ಗಳನ್ನು ಹಣ ತೆತ್ತು ಕೊಳ್ಳುವ ತಾಯ್ತಂದೆಯರಿದ್ದಾರೆ, ಅವರು ಈ ಚರಿತ್ರೆಯನ್ನು ಅವಶ್ಯವಾಗಿ ಅರಿಯತಕ್ಕದ್ದು. ಕೈಗೆಲಸದಲ್ಲಿ ಚುರುಕಾದ ಮಕ್ಕಳು, ಆಕೃತಿಯನ್ನು ನೋಡಿ ಹಾಗೆಯೇ ಬರೆಯಬಲ್ಲ ಮಕ್ಕಳು, ಮುಂದೆ ಓದಿನಲ್ಲಿಯೂ ಮುಂದಿರುತ್ತಾರೆಂದು 2010ರ ಈಚಿನ ಕೆಲವು ದೊಡ್ಡ ಅಧ್ಯಯನಗಳು ತೋರಿಸಿರುವುದುಂಟು. ಆದರೆ ಎರಡು ಗುಣಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಬರುವುದಿಲ್ಲ.

ಹಾಗಾದರೆ ಓದಿಗೆ ನಿಜವಾದ ಕೀಲು ಎಲ್ಲಿದೆ? ಆಕ್ಸ್‌ಫರ್ಡಿನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಾಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಒಂದು ಮೈಲಿಗಲ್ಲು. ನಾಲ್ಕೈದು ವಯಸ್ಸಿನ ಸುಮಾರು 400 ಮಕ್ಕಳನ್ನು ಪರೀಕ್ಷಿಸಿ, ಪ್ರಾಸವನ್ನೂ ಪದಗಳ ಮೊದಲ ಧ್ವನಿಯನ್ನೂ ಕಿವಿಯಿಂದ ಗುರುತಿಸಬಲ್ಲ ಮಗುವೇ ಮುಂದೆ ಚೆನ್ನಾಗಿ ಓದುತ್ತದೆಂದು ಅವರು ಕಂಡರು. ಆಮೇಲೆ ಹಿಂದುಳಿದ 65 ಮಕ್ಕಳನ್ನು ನಾಲ್ಕು ಗುಂಪು ಮಾಡಿ ಎರಡು ವರ್ಷ ಶಿಕ್ಷಣ ಕೊಟ್ಟರು. ಧ್ವನಿಯನ್ನಷ್ಟೇ ಕಲಿತ ಗುಂಪಿಗಿಂತಲೂ, ಧ್ವನಿಯೊಂದಿಗೆ ಪ್ಲಾಸ್ಟಿಕ್ಕಿನ ಅಕ್ಷರಗಳನ್ನು ಕೈಯಿಂದ ಜೋಡಿಸಿ ಪದ ಕಟ್ಟಿದ ಗುಂಪು ಬಹಳ ಮುಂದೆ ಹೋಯಿತು. ನಾನು ಹೇಳಬಯಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯದು: ಕಿವಿಗೆ ಕೈ ಸೇರಬೇಕು, ಕೈಗೆ ಅಕ್ಷರ ಸೇರಬೇಕು. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ನಮ್ಮ ಮಕ್ಕಳಿಗಾಗಿ ಬರೆದ ಪದ್ಯಗಳ ಪ್ರಾಸ, ಈ ಬೆಳಕಿನಲ್ಲಿ, ವಿನೋದ ಮಾತ್ರವಲ್ಲ. ಓದಿನ ಮೊದಲ ಪಾಠವೇ ಸರಿ.

ಕೈ ಬರೆಯುವುದರಿಂದ ಕಣ್ಣಿಗೆ ಏನು ಲಾಭವೆಂಬುದನ್ನು ಈಚಿನ ವಿಜ್ಞಾನಿಗಳು ಇನ್ನೂ ಹತ್ತಿರದಿಂದ ನೋಡಿದ್ದಾರೆ. ಫ್ರಾನ್ಸಿನಲ್ಲಿ ಮರೀಕ್ ಲೋಂಕಾಂ ಮತ್ತು ಸಂಗಡಿಗರು ಮೂರರಿಂದ ಐದು ವಯಸ್ಸಿನ 76 ಮಕ್ಕಳಲ್ಲಿ ಅರ್ಧ ಜನಕ್ಕೆ ಅಕ್ಷರಗಳನ್ನು ಕೈಯಿಂದ ಬರೆಯಿಸಿ, ಅರ್ಧ ಜನಕ್ಕೆ ಕೀಲಿಮಣೆಯಲ್ಲಿ ಒತ್ತಿಸಿ ಕಲಿಸಿದರು. ಕೈಯಿಂದ ಬರೆದವರು ಅಕ್ಷರಗಳನ್ನು ಹೆಚ್ಚು ಚೆನ್ನಾಗಿ ಗುರುತಿಸಿದರೆಂದು 2005ರಲ್ಲಿ ವರದಿಮಾಡಿದರು. ಆದರೆ ಈ ಲಾಭ ಕಂಡದ್ದು ದೊಡ್ಡ ಮಕ್ಕಳಲ್ಲಿ. ತೀರ ಎಳೆಯರಲ್ಲಿ ಕಾಣಲಿಲ್ಲ. ಅದೇ ದೇಶದ ಫ್ಲಾರೆನ್ಸ್ ಬಾರಾ, ಎಡುವಾರ್ ಜೆಂತಾಜ್ ಮೊದಲಾದವರು, ಉಬ್ಬಿದ ಅಕ್ಷರವನ್ನು ಧ್ವನಿಯೊಡನೆ ಬೆರಳಿನಿಂದ ತಡವಿ ಕಲಿತ ಮಕ್ಕಳು ಬರಿಗಣ್ಣಿನಿಂದ ನೋಡಿ ಕಲಿತವರಿಗಿಂತ ಚೆನ್ನಾಗಿ ಪದ ಬಿಡಿಸಿದರೆಂದು ತೋರಿಸಿ, ಮಾಂಟೆಸ್ಸೊರಿಯವರ ಉಪ್ಪುಕಾಗದಕ್ಕೆ ನೂರು ವರ್ಷಗಳ ತರುವಾಯ ಪ್ರಯೋಗದ ಬೆಂಬಲ ಒದಗಿಸಿದರು. 2012ರಲ್ಲಿ ಅಮೆರಿಕದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಓದು ಬಾರದ ಐದು ವರ್ಷದ ಮಕ್ಕಳ ಮೆದುಳಿನ ಚಿತ್ರಗಳನ್ನು ತೆಗೆದಾಗ ಕಂಡದ್ದು ನಮಗೆ ವಿಶೇಷವಾಗಿ ಮನನೀಯ. ತಾವೇ ಸ್ವತಂತ್ರವಾಗಿ ಬರೆದು ಕಲಿತ ಅಕ್ಷರವನ್ನು ನೋಡಿದಾಗ ಓದಿಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತುವು. ಕೀಲಿಮಣೆಯಲ್ಲಿ ಒತ್ತಿ ಕಲಿತುದಕ್ಕೂ, ಚುಕ್ಕಿಗೆರೆಯ ಮೇಲೆ ತಿದ್ದಿ ಕಲಿತುದಕ್ಕೂ ಅಷ್ಟು ಎಚ್ಚರವಿರಲಿಲ್ಲ. ತಾನೇ ಬರೆಯುವ ಮಗು ಒಂದೊಂದು ಸಲ ಒಂದೊಂದು ರೀತಿ, ಸೊಟ್ಟಗೆ, ಉಬ್ಬಿ, ಬಾಗಿ ಬರೆಯುತ್ತದೆ. ಆ ವೈವಿಧ್ಯದ ನಡುವೆ ಅಕ್ಷರದ ಸಾರವಾದ ರೂಪ ಯಾವುದೆಂಬುದನ್ನು ಅದರ ಕಣ್ಣು ಅರಿತುಕೊಳ್ಳುತ್ತದೆಂದು ಆ ವಿದ್ವಾಂಸರ ಊಹೆ. ಅಂದಮೇಲೆ ತಿದ್ದುವುದು ಆರಂಭಕ್ಕೆ ಮಾತ್ರ ತಕ್ಕದ್ದು, ಮತ್ತು ಮಗುವಿನ ಸೊಟ್ಟ ಅಕ್ಷರ ಅಳಿಸಿಹಾಕತಕ್ಕ ಅಪರಾಧವಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ಕೈಯ ಸ್ವಾಧೀನವಿಲ್ಲದೆ, ಪೆನ್ಸಿಲು ಹಿಡಿಯಲಾಗದೆ ಹುಟ್ಟಿದ ಮಕ್ಕಳೂ ಓದು ಕಲಿಯುತ್ತಾರೆ, ಚೆನ್ನಾಗಿ ಕಲಿಯುತ್ತಾರೆ. ಕಣ್ಣಿಲ್ಲದ ಮಕ್ಕಳು ಚುಕ್ಕಿಗಳ ಬ್ರೈಲ್ ಲಿಪಿಯನ್ನು ಬೆರಳಿನಿಂದಲೇ ಓದುತ್ತಾರೆ, ನಮ್ಮ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿಯೇ ರೂಪುಗೊಂಡಿತು. ಆದುದರಿಂದ ಕೈ ಓದಿಗೆ ನೆರವೇ ಹೊರತು ಹೆಬ್ಬಾಗಿಲಲ್ಲ. ಬರೆಯಲು ಬಾರದೆಂಬ ಕಾರಣಕ್ಕೆ ಯಾವ ಮಗುವನ್ನೂ ಪುಸ್ತಕದಿಂದ ದೂರವಿಡುವುದು ಅನ್ಯಾಯ.

ಈಗ ನಮ್ಮ ಲಿಪಿಯ ವಿಚಾರಕ್ಕೆ ಬರೋಣ. ಮೇಲೆ ಹೇಳಿದ ಪ್ರಯೋಗಗಳೆಲ್ಲ ಇಪ್ಪತ್ತಾರು ಅಕ್ಷರಗಳನ್ನು ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಜೋಡಿಸುವ ಲಿಪಿಗೆ ಸಂಬಂಧಿಸಿದವು. ಕನ್ನಡದ ಮಗುವಿನ ಮುಂದಿರುವುದು ಬೇರೆಯ ಕೆಲಸ. ವರ್ಣಮಾಲೆಯ 49 ಅಕ್ಷರಗಳು ಬರಿಯ ಮುನ್ನುಡಿ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದಾಗಲೇ 442 ಗುಣಿತಾಕ್ಷರಗಳಾಗುತ್ತವೆ, ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಾಧ್ಯಮದ ಮಕ್ಕಳನ್ನು ಅಭ್ಯಾಸಮಾಡಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಈ ಅಕ್ಷರಜ್ಞಾನ ಒಂದನೆಯ ತರಗತಿಯಲ್ಲಿ ಮುಗಿಯುವಂಥದಲ್ಲ, ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತ ಹೋಗುತ್ತದೆ. ಇಂಗ್ಲಿಷಿನ ಗಡಿಯಾರವನ್ನು ಇಟ್ಟುಕೊಂಡು ಕನ್ನಡದ ಮಗುವನ್ನು ಅವಸರಪಡಿಸುವ ಶಾಲೆಗಳು ಇದನ್ನು ಗಮನಿಸಬೇಕು.

ಆದರೆ ಈ ಹೊರೆಯೊಡನೆ ನಮ್ಮ ಲಿಪಿ ಮಗುವಿಗೊಂದು ಉಪಕಾರವನ್ನೂ ಮಾಡಿದೆ. ಕಾಗುಣಿತದಲ್ಲಿ ಧ್ವನಿಯ ಒಂದೊಂದು ಬದಲಾವಣೆಗೆ ಕೈಯ ಒಂದೊಂದು ತಿರುವು ನಿಶ್ಚಿತವಾಗಿದೆ, ಆ ತಿರುವಿಗೊಂದು ಹೆಸರೂ ಇದೆ. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವ ಎಂದು ರಾಗವಾಗಿ ಹೇಳುತ್ತ ಬರೆಯುವ ಹಳ್ಳಿಶಾಲೆಯ ಮಗುವನ್ನು ಹತ್ತಿರ ಕುಳಿತು ನೋಡಬೇಕು. ‘ಕ’ದ ತಲಕಟ್ಟನ್ನು ಬಿಟ್ಟು ಅಲ್ಲಿ ಗುಂಡಗೆ ಗುಡಿಸು ಸುತ್ತುವಾಗ ಅದರ ಬಾಯಿ ‘ಕಿ’ ಎಂದು ಹಿಗ್ಗುತ್ತದೆ. ಬಲಗಡೆ ಕೊಂಬನ್ನು ಎಳೆಯುವಾಗ ತುಟಿ ದುಂಡಗಾಗಿ ‘ಕು’ ಎನ್ನುತ್ತದೆ. ಒಮ್ಮೆ ‘ಕ’ಕ್ಕೆ ಕಲಿತ ಗುಡಿಸು ‘ಗ’ಕ್ಕೂ ‘ಸ’ಕ್ಕೂ ಒದಗುತ್ತದೆಂದು ಹೊಳೆದ ದಿನ ಮಗು ಯಾರೂ ಹೇಳಿಕೊಡದ ಅಕ್ಷರಗಳನ್ನು ತಾನೇ ಬರೆದು ಓದುತ್ತದೆ. ನಾಲಗೆಯ ವ್ಯತ್ಯಾಸವನ್ನು ಕೈಯ ವ್ಯತ್ಯಾಸವಾಗಿ ಇಷ್ಟು ಕ್ರಮಬದ್ಧವಾಗಿ ತೋರಿಸುವ ಸೌಲಭ್ಯ ರೋಮನ್ ಲಿಪಿಗಿಲ್ಲ. ಹಳೆಯ ಕಾಗುಣಿತ ಪಠನವನ್ನು ಕುರುಡುಪಾಠವೆಂದು ಒಟ್ಟಾರೆ ತಳ್ಳಿಹಾಕಿದ ಸುಧಾರಕರ ಮಾತು ನನಗೆ ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಪದಗಳಿಲ್ಲದ ಕಾಗುಣಿತ ಕುರುಡುಪಾಠ ನಿಜ, ಪದಗಳೊಡನೆ ಬಂದ ಕಾಗುಣಿತ ಕಣ್ಣುತೆರೆಸುವ ಪಾಠ.

ಕಷ್ಟ ಬರುವುದು ಎರಡು ಕಡೆ. ಒಂದನೆಯದು ರೂಪಸಾಮ್ಯ: ಪ, ಷ, ಫ, ಹ, ದ, ಧ, ಥ, ಬ, ಭ, ಡ, ಢ. ಒಂದು ಸಣ್ಣ ಗೀರು, ಹೊಟ್ಟೆಯೊಳಗಿನ ಒಂದು ಅಡ್ಡಗೆರೆ, ಇಷ್ಟರಲ್ಲಿಯೇ ಧ್ವನಿ ಬೇರೆಯಾಗುತ್ತದೆ. ಆ ಗೀರನ್ನು ಕೈಯಿಂದ ಬೇರೆಯಾಗಿ ಹಾಕಿ, ಹಾಕುವಾಗಲೇ ಅದರ ಧ್ವನಿಯನ್ನು ನುಡಿದ ಮಗುವಿನ ಕಣ್ಣಿಗೆ ಅದು ಎದ್ದುಕಾಣುತ್ತದೆ. ಬರಿದೇ ನೋಡಿದ ಕಣ್ಣು ಅದನ್ನು ಹಾಯ್ದುಹೋಗುತ್ತದೆ. ಎರಡನೆಯದು ಒತ್ತಕ್ಷರ. ‘ಅಕ್ಕ’ದಲ್ಲಿ ಕಣ್ಣು ಕೆಳಗಿಳಿದು ಮತ್ತೆ ಮೇಲೇರಬೇಕು, ‘ಅಮ್ಮ’, ‘ಅತ್ತೆ’, ‘ಅನ್ನ’ಗಳಲ್ಲಿ ಕೆಳಗಿರುವ ಒತ್ತು ಮೇಲಿನ ಅಕ್ಷರದ ರೂಪವನ್ನೇ ಬಿಟ್ಟಿರುತ್ತದೆ. ಮನೆಯಲ್ಲಿ ಮಗು ಮೊಟ್ಟಮೊದಲು ಆಡಿದ ಮಾತುಗಳೇ ಬರೆಯಲು ಇಷ್ಟು ತೊಡಕಾದುವೆಂಬುದು ಗಮನಾರ್ಹ. ಅರ್ಕಾವೊತ್ತು ಇನ್ನೂ ವಿಚಿತ್ರ: ‘ಸೂರ್ಯ’ ಎನ್ನುವಾಗ ಬಾಯಿ ರಕಾರವನ್ನು ಮೊದಲು, ಯಕಾರವನ್ನು ಆಮೇಲೆ ನುಡಿಯುತ್ತದೆ, ಕೈ ಯಕಾರವನ್ನು ಮೊದಲು ಬರೆದು ರಕಾರದ ಗುರುತನ್ನು ಕೊನೆಗೆ ಇಡುತ್ತದೆ. ಕಿವಿಯ ಕ್ರಮಕ್ಕೂ ಕೈಯ ಕ್ರಮಕ್ಕೂ ಇಲ್ಲಿ ವಿರೋಧ ಬಿದ್ದಿದೆ. ಇಂಥಲ್ಲಿ ಮಗು ತಪ್ಪಿದರೆ ಅದು ದಡ್ಡತನವಲ್ಲ, ಕಿವಿಗೆ ಅದು ತೋರಿದ ನಿಷ್ಠೆ. ನಿಧಾನವಾಗಿ ಪದವನ್ನು ನುಡಿಯುತ್ತ, ದೊಡ್ಡದಾಗಿ ಬರೆದು, ಬೆರಳಿಟ್ಟು ತೋರಿಸಿದರೆ ಬಗೆಹರಿಯುತ್ತದೆ.

ಇದನ್ನೆಲ್ಲ ಮನಗಂಡು ರೂಪುಗೊಂಡ ಕ್ರಮವೊಂದು ನಮ್ಮಲ್ಲಿಯೇ ಇದೆ. ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಉಪಾಧ್ಯಾಯರು 1995ರಲ್ಲಿ ಆರಂಭಿಸಿದ ‘ನಲಿಕಲಿ’ ಮುಂದೆ 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಲ್ಲಿ ವರ್ಣಮಾಲೆಯ ಕ್ರಮವಿಲ್ಲ. ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ಆರಂಭ, ಆಮೇಲೆ ‘ಜ ವ ಮ ಬ ನ’. ಮೊದಲ ಐದರಿಂದಲೇ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಬರೆದು ಓದಬಲ್ಲುದು. ಬರೆದ ಮೊದಲ ವಾರದಲ್ಲಿಯೇ ಕೈಯಿಂದ ಅರ್ಥ ಹುಟ್ಟುತ್ತದೆ. ಗೋಡೆಯ ಸುತ್ತ ಮಗುವಿನ ಎತ್ತರಕ್ಕೆ ಕಪ್ಪುಹಲಗೆ, ಮಕ್ಕಳು ಬರೆದುದನ್ನೂ ಕತ್ತರಿಸಿದುದನ್ನೂ ತೂಗುಹಾಕಲು ಕಲಿಕಾ ಚಪ್ಪರ, ಕೈಯಿಂದ ಎತ್ತಿ ಜೋಡಿಸುವ ಕಾರ್ಡುಗಳು: ಕೂಲಿಮಠಕ್ಕೆ ಇಲ್ಲದಿದ್ದ ಅರ್ಥದ ಸಂಬಂಧ ಇಲ್ಲಿ ಒದಗಿದೆ. ಈ ಕ್ರಮದ ಬಗ್ಗೆ ದೂರುಗಳು ಇಲ್ಲದಿಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಕಾರ್ಡುಗಳ ಲೆಕ್ಕವೇ ಕಲಿಸುವ ಹೊತ್ತನ್ನು ತಿನ್ನುತ್ತದೆಂಬ ಮಾತಿದೆ. ಆದರೆ ಅಕ್ಷರಕ್ರಮದ ಈ ಒಂದು ವಿವೇಕ ಕನ್ನಡದ ಪ್ರಾಥಮಿಕ ಶಿಕ್ಷಣಕ್ಕೆ ದೊರೆತ ದೊಡ್ಡ ಲಾಭವೆಂದು ನಾನು ಭಾವಿಸುತ್ತೇನೆ.

ಅಕ್ಷರಕ್ಕೆ ಮುಂಚಿನ ವರ್ಷಗಳಲ್ಲಿ ಕೈ ಏನು ಮಾಡಬೇಕು? ಸಾಮಾನ್ಯವಾಗಿ ಮಗು ಮೂರನೆಯ ವರ್ಷದ ಹೊತ್ತಿಗೆ ನೋಡಿ ವೃತ್ತ ಬರೆಯಬಲ್ಲುದು, ನಾಲ್ಕರ ಹೊತ್ತಿಗೆ ಕೂಡುಗೆರೆ, ಐದರ ಹೊತ್ತಿಗೆ ಚೌಕ, ಅದಾದ ಮೇಲೆ ತ್ರಿಕೋನ. ಮೂರು ಬೆರಳುಗಳ ಹಿಡಿತ ಗಟ್ಟಿಯಾಗುವುದು ನಾಲ್ಕರಿಂದ ಆರರ ನಡುವೆ. ಈ ಕಾಲಕ್ಕೆ ಬೇಕಾದ ಸಾಧನಗಳು ನಮ್ಮ ಮನೆಗಳಲ್ಲಿ ತಾನಾಗಿಯೇ ಇದ್ದುವು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಒಂದೊಂದೇ ಹರಳನ್ನು ಬಿಡುತ್ತ ಸಾಗುವ ಬೆರಳು, ಮುಂದಿನ ಗುಳಿಯನ್ನು ಆಗಲೇ ನೋಡುತ್ತಿರುವ ಕಣ್ಣು. ಕಲ್ಲಾಟದಲ್ಲಿ ಮೇಲೆ ಹಾರಿದ ಕಲ್ಲು ಕೆಳಗೆ ಬರುವಷ್ಟರಲ್ಲಿ ನೆಲದ ಕಲ್ಲನ್ನು ಬಾಚುವ ಕೈ. ನೆನೆಸಿದ ಅವರೆಕಾಳನ್ನು ಹಿದುಕುವುದು, ಹೂ ಕಟ್ಟುವುದು, ಬುಗುರಿಗೆ ಚಾಟಿ ಸುತ್ತುವುದು. ಚುಕ್ಕಿ ರಂಗೋಲಿಯಂತೂ ಬರೆಹಕ್ಕೆ ಅತ್ಯಂತ ಸಮೀಪದ ಕಲೆ: ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿಯನ್ನು ಹದವಾಗಿ ಬಿಡುತ್ತ, ಚುಕ್ಕಿಗಳನ್ನು ಲೆಕ್ಕವಿಟ್ಟು, ಗೆರೆಯನ್ನು ಎಲ್ಲಿ ಬಳಸಿ ಎಲ್ಲಿ ಕೂಡಿಸಬೇಕೆಂದು ಕಣ್ಣು ಮುಂಚಿತವಾಗಿಯೇ ನಿರ್ಧರಿಸುತ್ತದೆ. ಇವು ಯಾವುವೂ ಓದನ್ನು ಕಲಿಸುವುದಿಲ್ಲವೆಂಬುದನ್ನು ಮೇಲಿನ ಚರ್ಚೆ ತೋರಿಸಿಕೊಟ್ಟಿದೆ. ಆದರೆ ನಾಳೆ ಅಕ್ಷರ ಬರೆಯುವಾಗ ಕೈಯ ತೊಡಕಿಗಾಗಿ ಮನಸ್ಸು ವ್ಯಯವಾಗದಂತೆ, ಅದು ಧ್ವನಿಯ ಮೇಲೂ ಅರ್ಥದ ಮೇಲೂ ನಿಲ್ಲುವಂತೆ ಇವು ಅನುವುಮಾಡಿಕೊಡುತ್ತವೆ; ಜೊತೆಗೆ ಕುಳಿತ ಅಜ್ಜಿ ಅತ್ತೆಯರ ಮಾತು, ಕಥೆ, ಒಗಟುಗಳು ಮಗುವಿನ ಶಬ್ದಭಂಡಾರವನ್ನು ತುಂಬುತ್ತವೆ.

ಪುಸ್ತಕ ಕೈಗೆ ಬಂದ ಮೇಲೂ ಬೆರಳಿಗೆ ಕೆಲಸವುಂಟು. ಓದುವ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗದೆ ನೆಗೆನೆಗೆದು ನಿಲ್ಲುತ್ತದೆಂಬುದನ್ನು ಪ್ಯಾರಿಸ್ಸಿನ ಎಮಿಲ್ ಜವಾಲ್ 1879ರಷ್ಟು ಹಿಂದೆಯೇ ತಿಳಿಸಿದನು. ಎಳೆಯ ಓದುಗನ ನೆಗೆತ ಚಿಕ್ಕದು, ನಿಲುಗಡೆ ಹೆಚ್ಚು, ದಾರಿತಪ್ಪುವುದು ಸಹಜ. ನ್ಯೂಜಿಲೆಂಡಿನ ಮೇರಿ ಕ್ಲೇ ಅವರು ಮಗು ಬೆರಳಿಟ್ಟು ಓದುವುದನ್ನು ಬಹಳ ಸೂಕ್ಷ್ಮವಾಗಿ ಗಮನಿಸಿ, ಬಾಯಿ ನುಡಿದ ಪದವೂ ಬೆರಳು ತೋರಿದ ಪದವೂ ಒಂದಾಗುವುದು ಓದಿನ ಬೆಳವಣಿಗೆಯಲ್ಲಿ ಮುಖ್ಯವಾದ ಘಟ್ಟವೆಂದು ಗುರುತಿಸಿದರು. ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿರುವ ಹುಡುಗಿಯ ಬೆರಳು ಎರಡು ಸಾಲು ಕೆಳಗೆ ಅಲೆಯುತ್ತಿರುವುದನ್ನು ನಮ್ಮ ಶಾಲೆಗಳಲ್ಲಿ ಯಾರಾದರೂ ಕಾಣಬಹುದು. ಅವಳು ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾಳೆ. ಬೆರಳಿಟ್ಟು ಓದಬಾರದೆಂದು ಗದರುವ ಶಿಕ್ಷಕರು ಈ ಭೇದವನ್ನು ತಿಳಿಯುವ ಸಾಧನವನ್ನೇ ಕಳೆದುಕೊಳ್ಳುತ್ತಾರೆ. ಓದು ಪಳಗಿದ ಮೇಲೆ ಬೆರಳು ತಾನಾಗಿ ಹಿಂದೆ ಸರಿಯುತ್ತದೆ.

ನಮ್ಮ ಇಂದಿನ ಶಿಶುಶಿಕ್ಷಣದ ಸ್ಥಿತಿ ಸಂತೋಷದಾಯಕವಲ್ಲ. 1975ರ ಅಕ್ಟೋಬರ್ 2ರಂದು, ಕರ್ನಾಟಕದ ಮಟ್ಟಿಗೆ, ಟಿ. ನರಸೀಪುರದಲ್ಲಿ ಆರಂಭವಾದ ಅಂಗನವಾಡಿಯ ವ್ಯವಸ್ಥೆ ನಾಡಿನ ಮೂಲೆಮೂಲೆಗೂ ಹಬ್ಬಿದ್ದು ದೊಡ್ಡ ಸಾಧನೆ; 2020ರ ಶಿಕ್ಷಣ ನೀತಿಯೂ ಅದನ್ನು ಅನುಸರಿಸಿ 2022ರಲ್ಲಿ ಬಂದ ಪಠ್ಯಕ್ರಮದ ಚೌಕಟ್ಟೂ ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಘಟ್ಟವಾಗಿ ಕಂಡು ಆಟಕ್ಕೆ ಆದ್ಯತೆ ಕೊಟ್ಟದ್ದೂ ಸರಿಯೇ. ಆದರೆ ಕಾನ್ವೆಂಟು ಶಾಲೆಗಳ ನಾಲ್ಕು ವರ್ಷದ ಮಗು ರಾತ್ರಿ ಕುಳಿತು ಪುಟಗಟ್ಟಲೆ ಕಾಪಿ ಬರೆಯುತ್ತಿದೆ. ಅದು ಬರೆಯುವ ರೀತಿಯನ್ನು ನೋಡಿ: ‘ರ’ ಅಕ್ಷರದ ಪುಟ ತುಂಬಿಸಬೇಕಾದಾಗ, ಮೊದಲು ಎಲ್ಲ ಸಾಲುಗಳಿಗೂ ಸುತ್ತುಗಳನ್ನಷ್ಟೇ ಬರೆದು, ಆಮೇಲೆ ಮೇಲಿನಿಂದ ಕೆಳಗಿನವರೆಗೆ ಎಲ್ಲಕ್ಕೂ ತಲಕಟ್ಟುಗಳನ್ನು ಇಡುತ್ತದೆ. ಪುಟ ತುಂಬುತ್ತದೆ, ಆದರೆ ಒಂದು ಸಲವಾದರೂ ಅದು ‘ರ’ ಬರೆಯಲಿಲ್ಲ, ಒಂದು ಸಲವಾದರೂ ‘ರ’ ಎನ್ನಲಿಲ್ಲ. ಇತ್ತ ಮೊಬೈಲಿನ ಗಾಜಿನ ಮೇಲೆ ಬೆರಳು ಸರಿಸಿ ಅಕ್ಷರ ಕಲಿಯುವ ಮಗುವಿಗೆ ಒರಟುತನದ ಸ್ಪರ್ಶವೂ ಇಲ್ಲ, ತಾನೇ ರೂಪಿಸಿದ ಆಕಾರವೂ ಇಲ್ಲ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸುವ ಹಟ ಇನ್ನೂ ಹೋಗಿಲ್ಲ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ ಮಗುವಿಗೆ ಕನ್ನಡಕದ ಅವಶ್ಯಕತೆಯಿದೆಯೇ ಎಂದು ಪರೀಕ್ಷಿಸುವ ಮೊದಲು ಮಂದಬುದ್ಧಿಯೆಂಬ ಹೆಸರು ಅಂಟಿಸುವವರೂ ಇದ್ದಾರೆ.

ಆದಕಾರಣ ತಾಯ್ತಂದೆಯರಲ್ಲಿಯೂ ಅಂಗನವಾಡಿ ಕಾರ್ಯಕರ್ತೆಯರಲ್ಲಿಯೂ ನನ್ನ ವಿನಂತಿ ಇಷ್ಟು. ಐದು ತುಂಬುವವರೆಗೆ ಕಾಪಿಪುಸ್ತಕವನ್ನು ಬದಿಗಿಡಿ. ಮಣ್ಣು, ಮಣಿ, ಬಣ್ಣ, ರಂಗೋಲಿಯ ಪುಡಿ ಮಗುವಿನ ಕೈಗೆ ಧಾರಾಳವಾಗಿ ಸಿಗಲಿ. ಅಕ್ಷರ ಆರಂಭಿಸಿದಾಗ ತಟ್ಟೆಯ ರಾಗಿಯ ಮೇಲೋ ಮರಳಿನ ಮೇಲೋ ಬೆರಳಿನಿಂದ ದೊಡ್ಡದಾಗಿ ಬರೆಯಿಸಿ, ಬರೆಯುವಾಗಲೆಲ್ಲ ಬಾಯಿಂದ ನುಡಿಸಿ, ತಿದ್ದುವುದನ್ನು ಬೇಗ ನಿಲ್ಲಿಸಿ ತಾನೇ ಬರೆಯಲು ಬಿಡಿ, ಸೊಟ್ಟಗಿದ್ದರೂ ಇರಲಿ. ಬರೆದ ನಾಲ್ಕಕ್ಷರದಿಂದ ಒಂದು ಪದವನ್ನಾದರೂ ಅಂದೇ ಓದಿಸಿ. ಮತ್ತು ದಿನಕ್ಕೊಂದು ಹೊತ್ತು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತ, ಒಂದು ಕಥೆಯನ್ನು ಓದಿಹೇಳಿ. ಇದಕ್ಕೆ ಇಲಾಖೆಯ ಅಪ್ಪಣೆ ಬೇಕಿಲ್ಲ, ಹಣದ ವೆಚ್ಚವೂ ಇಲ್ಲ, ನಾಳೆಯಿಂದಲೇ ಆರಂಭಿಸಬಹುದು.